ಎಂಟು ವರ್ಷದ ಸಪೋಟ

ಗಿಡ ಕೊಳ್ಳಲು ಬಂದವರು ಮೊದಲು ಜಾತಿ ಕೇಳುತ್ತಾರೆ, ಆಮೇಲೆ ರೇಟು ಕೇಳುತ್ತಾರೆ. ಶಿವಸ್ವಾಮಿ ಎತ್ತರ ಕೇಳಿದ.

"ಆಳುದ್ದ ಬೆಳ್ದಿರೋ ಸಪೋಟ ಎಷ್ಟವೆ ಅಕ್ಕ?"

ಗುರುಸಿದ್ದಮ್ಮ ಕಸಿ ಕಟ್ಟುತ್ತಿದ್ದ ಕೈ ನಿಲ್ಲಿಸಿ ಅವನ ಮುಖ ನೋಡಿದಳು. ಚಿಕ್ಕಯ್ಯನಛತ್ರದ ಹತ್ತಿರ ರಸ್ತೆಗೆ ಹೊಂದಿಕೊಂಡಿದ್ದ ಆ ನರ್ಸರಿಯನ್ನು ಶುರು ಮಾಡಿದವನು ಅವಳ ಗಂಡ ಗೋವಿಂದಯ್ಯ. ತೊಂಬತ್ತೈದರಲ್ಲಿ ಅವನು ತೀರಿಕೊಂಡ ಮೇಲೆ ನಾಲ್ಕು ವರ್ಷದಿಂದ ಇವಳೊಬ್ಬಳೇ ನಡೆಸುತ್ತಿದ್ದಳು. ಅಷ್ಟು ದಿನದಲ್ಲಿ ಇಂಥ ಗಿರಾಕಿಯನ್ನು ಕಂಡಿರಲಿಲ್ಲ. ಎತ್ತರದ ಗಿಡ ಅಂದರೆ ಯಾರೂ ಕೊಳ್ಳದೆ ಉಳಿದುಹೋದ ಗಿಡ. ಬೇರು ಚೀಲದೊಳಗೇ ಸುತ್ತಿಕೊಂಡು ಮುದುರಿರುತ್ತದೆ.

"ಅವು ನೆಟ್ರೆ ಏಳ್ಗೆ ಆಗಕ್ಕಿಲ್ಲ ಸಾ. ಚಿಕ್ಕವು ತಕ್ಕೊಂಡೋಗಿ, ಮಳೆ ಬಿದ್ಮೇಲೆ ನೆಡಿ."

"ಮಳೆಗಂಟ ಯಾರ್ ಕಾಯ್ತಾರೆ? ಇರೋವೆಲ್ಲ ಲಾರಿಗಾಕ್ಸು. ಸಾಲ್ದಿದ್ರೆ ಬೇರೆ ನರ್ಸರಿಯಿಂದ ತರ್ಸು. ನಾನೂರು ಬೇಕು."

ಯುಗಾದಿಗೆ ಇನ್ನೂ ಹದಿನೈದು ದಿನವಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು. ಶಿವಸ್ವಾಮಿ ರೈತನೂ ಅಲ್ಲ, ರಸ್ತೆ, ಮೋರಿ, ಶಾಲೆ ಕಟ್ಟಡ ಅಂತ ಸರ್ಕಾರಿ ಕೆಲಸ ಹಿಡಿಯುವ ಕಂಟ್ರಾಕ್ಟರು. ಜಿಲ್ಲಾ ಪಂಚಾಯ್ತಿ ಮೆಂಬರು ಸಿದ್ದರಾಜುವಿನ ಭಾಮೈದ. ತಾಲ್ಲೂಕಿನಲ್ಲಿ ಯಾವ ಕೆಲಸ ಬಂದರೂ ಭಾವ ತರಿಸುವುದು, ಭಾಮೈದ ಮಾಡುವುದು. ಇಂಥವನಿಗೆ ನಾನೂರು ಸಪೋಟ ಯಾಕೆ? ಕೇಳಬೇಕೆನಿಸಿತು, ಕೇಳಲಿಲ್ಲ. ಮಾರದೆ ಉಳಿದ ಗಿಡ ಕಣ್ಣೆದುರೇ ಖಾಲಿಯಾಗುತ್ತಿದ್ದವು. ದುಡ್ಡು ಎಣಿಸಿಕೊಂಡು ರಸೀದಿ ಹರಿದು, ನರ್ಸರಿ ರಸೀದಿಗೆ ಯಾವಾಗಲೂ ಹಾಕುವಂತೆ ತನ್ನ ಹೆಸರಿನ ಮುಂದೆ ಗಂಡನ ಹೆಸರೂ ಸೇರಿಸಿ 'ಗುರುಸಿದ್ದಮ್ಮ ಗೋವಿಂದಯ್ಯ' ಎಂದು ರುಜು ಹಾಕಿ ಕೊಟ್ಟಳು.

ಆ ಗಿಡಗಳು ಎಲ್ಲಿಗೆ ಹೋದವೆಂದು ಹಬ್ಬಕ್ಕೆ ತವರಿಗೆ ಹೋದಾಗ ತಿಳಿಯಿತು. ತಮ್ಮ ಹುಚ್ಚಯ್ಯನ ಊರು ಹಳ್ಳದಕೊಪ್ಪಲು, ತಾಂಡ್ಯದಿಂದ ಮೂರು ಮೈಲಿ. ಅಪ್ಪ, ಅವ್ವ ಇಬ್ಬರೂ ತೀರಿಕೊಂಡಿದ್ದರು. ಊರಾಚೆ ಅಪ್ಪ ಕೂಲಿ ಮಾಡಿ ಕೊಂಡ, ಮಳೆ ನಂಬಿದ ಎರಡೆಕರೆ ಖುಷ್ಕಿ ಹೊಲವಿತ್ತು. ಅದಕ್ಕೆ ಅಂಟಿಕೊಂಡ ಕಲ್ಲುಭೂಮಿ ಎಷ್ಟೋ ವರ್ಷದಿಂದ ಬೀಳು ಬಿದ್ದಿತ್ತು. ಈಗ ಆ ಕಲ್ಲುಭೂಮಿಯ ತುಂಬ ಅವಳ ಸಪೋಟ ನಿಂತಿದ್ದವು. ಮೂವತ್ತು ಅಡಿಗೊಂದು ನೆಡಬೇಕಾದ ಗಿಡವನ್ನು ಹತ್ತಡಿಗೊಂದು ನೆಟ್ಟಿದ್ದರು. ಬಾವಿಯಿಲ್ಲ, ಪೈಪಿಲ್ಲ. ಎಲೆ ಆಗಲೇ ಜೋತುಬಿದ್ದಿದ್ದವು.

"ಇದ್ಯಾರ್ದೋ ಈಗ?" ಎಂದಳು.

"ಶಿವಸ್ವಾಮಪ್ಪಂದು. ಓದ ತಿಂಗ್ಳು ತಕ್ಕೊಂಡ್ರು. ನಮ್ಮುದ್ನೂ ಕೇಳ್ತಾವ್ರೆ ಕಣಕ್ಕ. ಊರಲ್ಲಿ ನಡೀತಿರೋ ರೇಟಿಗೆ ಡಬಲ್ ಕೊಡ್ತೀನಿ ಅಂದವ್ರೆ. ಸುಕ್ರವಾರ ಅಡ್ವಾನ್ಸು" ಎಂದ ಹುಚ್ಚಯ್ಯ. ದನಿಯಲ್ಲಿ ಹಿಗ್ಗಿತ್ತು.

ಗುರುಸಿದ್ದಮ್ಮ ಮತ್ತೆ ಗಿಡದ ಸಾಲು ನೋಡಿದಳು. ಹಣ್ಣಿಗೆಂದು ನೆಟ್ಟ ಗಿಡವಲ್ಲ ಇದು, ಯಾರೋ ಬಂದು ಎಣಿಸಲಿ ಅಂತ ನೆಟ್ಟದ್ದು. ತಾಂಡ್ಯದಲ್ಲಿ ಫ್ಯಾಕ್ಟರಿಗಳಿಗೆ ಜಮೀನು ಹಿಡಿದಾಗ ಮರಕ್ಕೆ ಇಷ್ಟಿಷ್ಟು ಅಂತ ಬೇರೆಯೇ ಪರಿಹಾರ ಕೊಟ್ಟಿದ್ದು ಅವಳಿಗೆ ನೆನಪಿತ್ತು.

"ಮಾರ್ಬ್ಯಾಡ ಉಚ್ಚಯ್ಯ. ಇಲ್ಲಿಗೇನೋ ಬತ್ತಾ ಅದೆ. ಅವ್ನಿಗೆ ಗೊತ್ತದೆ, ನಿಂಗೆ ಗೊತ್ತಿಲ್ಲ."

"ಏನ್ ಬತ್ತದೆ?"

"ಗೊತ್ತಿಲ್ಲ ಕಣೋ. ಆರು ತಿಂಗ್ಳು ಸುಮ್ಕಿರು."

ಹುಚ್ಚಯ್ಯನ ಮುಖ ಗಂಟಿಕ್ಕಿತು. ಬದುವಿನ ಮೇಲೆ ನಿಂತಿದ್ದ ಅವನ ಹೆಂಡತಿ ಚಿನ್ನಮ್ಮ ಸೆರಗು ಸರಿಮಾಡಿಕೊಂಡು ಮನೆ ಕಡೆ ಹೊರಟಳು. "ನಾ ಮಾರುದ್ರೆ ನಿಂಗೇನಕ್ಕ ಕಷ್ಟ? ನಿಂಗೇನಾರ ಮನ್ಸಲ್ಲಿದ್ರೆ ನೇರವಾಗಿ ಏಳ್ಬುಡು" ಎಂದ ತಮ್ಮ. ಅವನು ಯಾವುದರ ಮಾತಾಡುತ್ತಿದ್ದಾನೆಂದು ಅವಳಿಗೆ ಹೊಳೆಯಲು ಬಸ್ಸು ಹತ್ತುವವರೆಗೂ ಬೇಕಾಯಿತು. ಅಪ್ಪನ ಹೊಲದಲ್ಲಿ ಪಾಲು! ಅಂಥದ್ದು ಅವಳ ತಲೆಗೆ ಬಂದೇ ಇರಲಿಲ್ಲ.

ಏನಾದರಾಗಲಿ, ಹುಚ್ಚಯ್ಯ ಶುಕ್ರವಾರದ ಅಡ್ವಾನ್ಸು ಮುಟ್ಟಲಿಲ್ಲ. ಆಷಾಢದಲ್ಲಿ ಪಂಚಾಯ್ತಿ ಆಫೀಸಿನ ಗೋಡೆಗೆ ನೋಟೀಸು ಅಂಟಿಸಿದರು. ಕೈಗಾರಿಕಾ ಪ್ರದೇಶಕ್ಕೆ ನೂರ ನಲವತ್ತೆಕರೆ ಸ್ವಾಧೀನ. ಅದರಲ್ಲಿ ತಮ್ಮನ ಸರ್ವೆ ನಂಬರೂ ಇತ್ತು, ಶಿವಸ್ವಾಮಿಯದೂ ಇತ್ತು. ಆವತ್ತೇ ಸಾಯಂಕಾಲ ಹುಚ್ಚಯ್ಯ ನರ್ಸರಿಗೆ ಬಂದು, "ನೀ ಏಳಿದ್ದು ನಿಜ ಆಯ್ತು ಕಣಕ್ಕ" ಎಂದ. ಸಂತೋಷ ಪಟ್ಟಂತೆಯೂ ಇತ್ತು. ಇವಳಿಗೆ ಮೊದಲೇ ಹೇಗೆ ಗೊತ್ತಾಯಿತು ಎಂದು ಅಳೆಯುತ್ತಿರುವಂತೆಯೂ ಇತ್ತು.

ಎಂಟು ದಿನ ಬಿಟ್ಟು ಶಿವಸ್ವಾಮಿಯ ಬಿಳಿ ಜೀಪು ಬಂತು.

"ಒಂದು ರಸೀದಿ ಬೇಕಲ್ಲ ಅಕ್ಕ. ತೊಂಬತ್ತೊಂದನೇ ಇಸ್ವಿದು. ನಿಮ್ಮೆಜಮಾನ್ರು ಬದುಕಿದ್ದಾಗ ಹಳೇ ಮಾಲೀಕ್ರಿಗೆ ನಾನೂರು ಸಪೋಟ ಕೊಟ್ಟವ್ರೆ ಅಂತ. ಎಂಟು ವರ್ಷದ ಮರ ಅಂದ್ರೆ ರೇಟೇ ಬೇರೆ."

"ಅವೆಲ್ಲ ಓದ ಯುಗಾದಿಗೆ ನಾ ಕೊಟ್ಟ ಗಿಡ ಸಾ."

"ಅದು ನಿಂಗೂ ನಂಗೂ ಗೊತ್ತು. ಕಾಗ್ದಕ್ಕೆ ಗೊತ್ತಾ?" ಅವನು ನಕ್ಕ. "ನಿನ್ ತಮ್ಮುಂದು ಬರೀ ಖುಷ್ಕಿ. ನಮ್ ಭಾವ ಒಂದು ಮಾತು ಏಳುದ್ರೆ ತೋಟದ ಜಮೀನು, ಬಾಗಾಯ್ತು ಅಂತ ಆಗ್ತದೆ, ದುಡ್ಡೂ ಜಾಸ್ತಿ. ಯೋಚ್ನೆ ಮಾಡು."

ಗೋವಿಂದಯ್ಯ ಬದುಕಿದ್ದಾಗ ಸೋತ ಗಿಡವನ್ನು ದುಡ್ಡಿಗೆ ಕೊಟ್ಟವನಲ್ಲ. ಒಣಗಿತು ಅಂತ ಯಾರಾದರೂ ವಾಪಸು ತಂದರೆ ಬೇರೆ ಗಿಡ ಕೊಟ್ಟು ಕಳಿಸುತ್ತಿದ್ದ.

"ಸತ್ತೋರ ಕೈಲಿ ರುಜು ಆಕ್ಸಕ್ಕಾಯ್ತದಾ ಸಾ? ನಾ ಕೊಡಕ್ಕಿಲ್ಲ" ಎಂದಳು.

ಶಿವಸ್ವಾಮಿ ಕೋಪ ಮಾಡಲಿಲ್ಲ. ಅದೇ ಅವಳಿಗೆ ಹೆದರಿಕೆ ತಂದಿದ್ದು. ರಸ್ತೆಯಲ್ಲಿ ಬಿಳಿ ಜೀಪು ನಿಧಾನ ಮಾಡಿದರೂ ಸಾಕು, ಕೈಯಲ್ಲಿನ ಕಸಿ ಚಾಕು ನಿಂತುಬಿಡುತ್ತಿತ್ತು.

ಮರ ಎಣಿಸಲು ಅಧಿಕಾರಿಗಳು ಬರುತ್ತಾರೆಂಬ ಸುದ್ದಿ ಹುಚ್ಚಯ್ಯನಿಂದಲೇ ತಿಳಿಯಿತು. ಗುರುಸಿದ್ದಮ್ಮ ಬೆಳಿಗ್ಗೆಯ ಬಸ್ಸಿಗೇ ಹೋದಳು. ಹೊಲದ ಬದುವಿನಲ್ಲಿ ಸರ್ವೆಯವರು, ತೋಟಗಾರಿಕೆಯವರು, ಕನ್ನಡಕ ಹಾಕಿಕೊಂಡ ಒಬ್ಬ ಅಧಿಕಾರಿ. ಶಿವಸ್ವಾಮಿ ಎಳನೀರು ಕೆತ್ತಿಸುತ್ತಿದ್ದ. ರಸೀದಿ ಅವನಿಗೆ ಇನ್ನೆಲ್ಲೋ ಸಿಕ್ಕಿತ್ತು, ಅಧಿಕಾರಿಯ ಫೈಲಿನಲ್ಲಿತ್ತು. ಒಬ್ಬ "ಸಪೋಟ, ಎಂಟು ವರ್ಷ" ಎಂದು ಕೂಗುತ್ತಿದ್ದ, ಇನ್ನೊಬ್ಬ ಬರೆದುಕೊಳ್ಳುತ್ತಿದ್ದ.

ಅವಳು ಯಾರನ್ನೂ ಕೇಳಲಿಲ್ಲ. ಮೊದಲ ಸಾಲಿನ ಗಿಡದ ಬುಡ ಹಿಡಿದು ಎಳೆದಳು. ಎರಡೇ ಎಳೆತಕ್ಕೆ ಕಿತ್ತುಬಂತು. ಬುಡದಲ್ಲಿ ಕರೀ ಪಾಲಿಥಿನ್ ಚೀಲ ಹಾಗೇ ಇತ್ತು. ಕೂಲಿಯವರು ಚೀಲವನ್ನೂ ಹರಿಯದೆ ಗುಂಡಿಗಿಟ್ಟು ಮಣ್ಣೆಳೆದಿದ್ದರು.

"ಎಂಟು ವರ್ಷದ ಮರ ಚೀಲದಲ್ಲಿರ್ತದಾ ಸಾ? ಇದು ನಾ ಮಾರಿದ್ದು" ಎಂದು ಇನ್ನೊಂದು ಕಿತ್ತಳು. ಮತ್ತೊಂದು.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡ. "ನೀವ್ಯಾರಮ್ಮ? ಇಲ್ಲಿ ನಿಮ್ಮ ಜಮೀನು ಇದೆಯಾ?"

"ಪಕ್ಕದ್ದು ನನ್ ತಮ್ಮುಂದು."

"ಓಹೋ" ಎಂದ ಅಧಿಕಾರಿ. ಏನನ್ನೋ ಬರೆದುಕೊಂಡ. ಸಪೋಟದ ವಿಷಯ ಬರೆದನೋ, ಅವಳ ವಿಷಯ ಬರೆದನೋ, ಗೊತ್ತಾಗಲಿಲ್ಲ. ಹುಚ್ಚಯ್ಯ ದೂರದಲ್ಲಿ ನಿಂತು, ಹತ್ತಿರ ಬಾರದೆ, ಕಣ್ಣಲ್ಲೇ ಹೋಗು ಹೋಗು ಎನ್ನುತ್ತಿದ್ದ.

ಕಾರ್ತಿಕ ಮುಗಿಯುವ ಹೊತ್ತಿಗೆ ಹುಚ್ಚಯ್ಯ ಒಂದು ಕಾಗದ ಹಿಡಿದು ನರ್ಸರಿಗೆ ನುಗ್ಗಿದ. ಕಾಗದವನ್ನು ಅವಳ ಕಾಲ ಬಳಿ ಎಸೆದ.

"ಬೇಕಿದ್ರೆ ಬಾಯ್ಬುಟ್ಟು ಕೇಳ್ಬೋದಿತ್ತಲ್ಲಕ್ಕ! ಕದ್ದು ಅರ್ಜಿ ಆಕೋದಾ? ನನ್ ಚೆಕ್ಕು ನಿಂತೋಗದೆ."

ಅಪ್ಪನ ಜಮೀನಿನಲ್ಲಿ ತನಗೂ ಭಾಗವಿದೆ, ತಮ್ಮನಿಗೆ ಪರಿಹಾರ ಕೊಡಕೂಡದು ಎಂದು ಗುರುಸಿದ್ದಮ್ಮ ತಕರಾರು ಸಲ್ಲಿಸಿದ್ದಾಳಂತೆ. ಅವಳು ಎರಡು ಸಲ ಓದಿದಳು. "ನಾ ಆಕಿಲ್ಲ ಕಣೋ. ಅಪ್ಪನಾಣೆ" ಎಂದಳು. ತಮ್ಮ ನಂಬಲಿಲ್ಲ.

ಮರುದಿನ ಇಬ್ಬರೂ ಮೈಸೂರಿನ ಭೂಸ್ವಾಧೀನದ ಕಚೇರಿಗೆ ಹೋದರು. ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತರು. ಗುಮಾಸ್ತೆ ಫೈಲು ಬಿಚ್ಚಿ ಅರ್ಜಿ ತೋರಿಸಿದಳು. ಕೆಳಗೆ ರುಜು: ಗುರುಸಿದ್ದಮ್ಮ ಗೋವಿಂದಯ್ಯ.

"ನೋಡ್ಲಾ, ಬ್ಯಾಂಕ್ನಲ್ಲೂ ರೇಷನ್ನಲ್ಲೂ ನಾ ಬರೀ ಗುರುಸಿದ್ದಮ್ಮ ಅಂತ ಬರಿಯೋದು. ಇಂಗೆ ಬರಿಯೋದು ನರ್ಸರಿ ರಸೀದೀಲಿ ಮಾತ್ರ. ಶಿವಸ್ವಾಮಿ ಅತ್ರ ನನ್ ರಸೀದಿ ಅದೆ. ಅದ್ನ ನೋಡಿ ಇಳಿಸವ್ನೆ!"

"ಅಂದ್ರೆ ನಿನ್ ರುಜುನೇ ತಾನೆ?" ಎಂದ ಹುಚ್ಚಯ್ಯ.

ಗುಮಾಸ್ತೆ ಬಿಳಿ ಹಾಳೆ ಮುಂದಿಟ್ಟಳು. "ಈ ಅರ್ಜಿ ನನ್ನದಲ್ಲ ಅಂತ ಬರೀರಿ. ಕೆಳಗೆ, ನನಗೆ ಇದರಲ್ಲಿ ಯಾವ ಹಕ್ಕೂ ಬೇಡ ಅಂತ ಇನ್ನೊಂದು ಸಾಲು ಸೇರಿಸಿ. ಇಲ್ಲಿಗೆ ಮುಗೀತದೆ. ಪೂರ್ತಿ ದುಡ್ಡು ನಿಮ್ಮ ತಮ್ಮಂಗೆ."

"ನಂಗೆ ಹಕ್ಕು ಅಂತ ಇದ್ಯಾ?" ಎಂದು ಕೇಳಿದಳು ಗುರುಸಿದ್ದಮ್ಮ.

"ನಿಮ್ಮ ತಂದೆ ಸ್ವಂತ ದುಡಿದು ಕೊಂಡಿದ್ದು ತಾನೆ? ವಿಲ್ಲು ಇಲ್ಲ. ಮಕ್ಕಳು ಇಬ್ಬರೇ ಅಂದರೆ ಇಬ್ಬರಿಗೂ ಸಮ."

ಅವಳು ಮೊದಲ ಸಾಲು ಬರೆದಳು. ಪೆನ್ನು ಅಲ್ಲೇ ನಿಂತಿತು. ಹುಚ್ಚಯ್ಯ ಅವಳ ಮುಖ ನೋಡುತ್ತಿರಲಿಲ್ಲ, ಪೆನ್ನಿನ ತುದಿ ನೋಡುತ್ತಿದ್ದ. ಆ ಹೊಲ ಉಳಿದದ್ದೇ ತನ್ನ ಮಾತಿನಿಂದ. ಆ ಹೊಲದ ಕಲ್ಲನ್ನು ಮದುವೆಗೆ ಮೊದಲು ಮಂಕರಿಯಲ್ಲಿ ಹೊತ್ತವಳೂ ತಾನೇ, ಆಗ ಇವನು ತೊಟ್ಟಿಲಲ್ಲಿದ್ದ. ತಾನೀಗ ಬರೆಯಲೊಲ್ಲೆನೆಂದರೆ, ಅಕ್ಕತಮ್ಮನನ್ನು ಒಡೆಯಬೇಕೆಂದು ಶಿವಸ್ವಾಮಿ ಅಂದುಕೊಂಡದ್ದು ನಡೆದಂತೆ. ಬರೆದುಕೊಟ್ಟರೆ ಕಳ್ಳಿಯೆಂದು ಒಪ್ಪಿಕೊಂಡಂತೆ. ಅವಳಿಗೆ ತನ್ನ ಮೇಲೇ ಅನುಮಾನ ಬಂತು. ಯುಗಾದಿಯ ದಿನ ಮಾರಬೇಡ ಎಂದದ್ದು ನಿಜವಾಗಿ ಯಾರಿಗಾಗಿ?

ಪೆನ್ನು ಮುಚ್ಚಿ ಮೇಜಿನ ಮೇಲಿಟ್ಟಳು.

"ಈ ರುಜು ನಂದಲ್ಲ. ಆದ್ರೆ ಭಾಗ ನಂದೇ. ಎರಡನೇ ಸಾಲು ನಾ ಬರಿಯಕ್ಕಿಲ್ಲ."

"ಕೊನೆಗೂ ಬಾಯ್ಬುಟ್ಟೆ" ಎಂದು ಹುಚ್ಚಯ್ಯ ಎದ್ದು ಹೋದ.

ಮುಂದಿನ ವರ್ಷ ಚೆಕ್ಕು ಎರಡಾಗಿ ಬಂದವು, ಅಕ್ಕನಿಗೊಂದು, ತಮ್ಮನಿಗೊಂದು. ಶಿವಸ್ವಾಮಿಯ ಮರಗಳಲ್ಲಿ ಮೊದಲ ಮೂರು ಸಾಲನ್ನು ಅಧಿಕಾರಿ ಪಟ್ಟಿಯಿಂದ ಹೊಡೆದುಹಾಕಿದ್ದ, ಉಳಿದವಕ್ಕೆ ಎಂಟು ವರ್ಷದ ಲೆಕ್ಕದಲ್ಲೇ ಪರಿಹಾರ ಬಂತು. ಕೈಗಾರಿಕಾ ಪ್ರದೇಶದ ಕಾಂಪೌಂಡು ಗೋಡೆಯ ಕೆಲಸವೂ ಅವನಿಗೇ ಆಯಿತು. ಹುಚ್ಚಯ್ಯ ಅಕ್ಕನ ಜೊತೆ ಮಾತು ಬಿಟ್ಟ.

ಆ ಗೋಡೆ ಮುಗಿಯುತ್ತಿದ್ದ ದಿನಗಳಲ್ಲಿ, ಒಂದು ಮಧ್ಯಾಹ್ನ, ಚಿನ್ನಮ್ಮ ಒಬ್ಬಳೇ ನರ್ಸರಿಗೆ ಬಂದಳು. ನೀರು ಕುಡಿದು ಲೋಟ ಕೆಳಗಿಟ್ಟಳು.

"ಅವ್ರು ಇನ್ನೂವೆ ಆ ಅರ್ಜಿ ನೀವೇ ಆಕಿದ್ದು ಅಂತಾರೆ ಅಕ್ಕ." ಸೆರಗಿನಿಂದ ಮುಖ ಒರೆಸಿಕೊಂಡಳು. "ನರಸೀಪುರದತ್ರ ನಮ್ಮಪ್ಪಂದೂ ಒಂದೂವರೆ ಎಕ್ರೆ ಗದ್ದೆ ಅದೆ. ಬೈಪಾಸ್ ರೋಡಿಗೆ ಓಗ್ತದಂತೆ. ನಮ್ಮಣ್ಣ ನಂಗೇನೂ ಏಳಿಲ್ಲ. ಆ ಆಪೀಸಲ್ಲಿ ಏನಂತ ಬರಿಬೇಕು, ಎಂಗೆ ಬರಿಬೇಕು, ವಸಿ ಏಳ್ಕೊಡಿ."

ಗುರುಸಿದ್ದಮ್ಮ ಅವಳ ಕಣ್ಣನ್ನು ನೋಡಿದಳು. ಇವಳಾಗಿಯೇ ಬಂದಳೋ, ತಮ್ಮನೇ ಕಳಿಸಿದನೋ? ತನ್ನ ಬಾಯಿಂದ ಏನನ್ನಾದರೂ ಹೊರಡಿಸಲೆಂದು ಯಾರಾದರೂ ಕಳಿಸಿದರೋ? ಆ ಮುಖದಲ್ಲಿ ಬಿಸಿಲಿಗೆ ನಡೆದುಬಂದ ಆಯಾಸ ಬಿಟ್ಟು ಬೇರೇನೂ ಕಾಣಲಿಲ್ಲ. ಆದರೂ ಒಂದು ಗಳಿಗೆ ರಸ್ತೆಯ ಕಡೆ ಕತ್ತು ಚಾಚಿ, ಬೇರೆ ಯಾರೂ ನಿಂತಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಬೆಂಚಿನ ಮೇಲಿದ್ದ ಗೊಬ್ಬರದ ಚೀಲ ಪಕ್ಕಕ್ಕೆ ಸರಿಸಿ, "ಬಾ, ಕೂತ್ಕೊ" ಎಂದಳು.