ಇಂಡಿಯ ಆಯಿ

೧೯೬೩ರ ಚಳಿಗಾಲದಲ್ಲಿ ದಾವಲಮಲಿಕ ಮುದ್ದೇಬಿಹಾಳ ತಾಲೂಕಿನ ನಾಲತವಾಡಕ್ಕೆ ಬಂದ. ದೇವಣಗಾಂವದ ಒಕ್ಕಲುತನದ ಮನೆಯ ಹುಡುಗ, ಧಾರವಾಡದಲ್ಲಿ ಕನ್ನಡ ಎಂ.ಎ. ಮಾಡಿದವನು. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ತಾಲೂಕುಗಳಲ್ಲಿ ಒಂದೇ ವಸ್ತುವಿಗೆ ಜನ ಏನೇನು ಅನ್ನುತ್ತಾರೆಂದು ಬರೆದುಕೊಳ್ಳುತ್ತ ತಿರುಗುತ್ತಿದ್ದ. ಆ ಊರಿನ ಸಿದ್ದರಾಯನ ಮನೆಯಲ್ಲಿ ಎರಡು ತಾಲೂಕಿನ ಮಾತು ಒಟ್ಟಿಗೆ ಸಿಗುತ್ತದೆಂದು ಯಾರೋ ಹೇಳಿದ್ದರು.

ಸಿದ್ದರಾಯನ ಹೆಂಡತಿ ಸಿದ್ದಲಿಂಗವ್ವ ಇಂಡಿಯವಳು. ಮದುವೆಯಾಗಿ ಬಂದು ವರ್ಷವಾಗಿತ್ತು, ವಯಸ್ಸು ಇಪ್ಪತ್ತಾರು. ಮೊದಲ ಹೆಂಡತಿ ತೀರಿಕೊಂಡು ಮೂರು ವರ್ಷ; ಅವಳ ಮಗಳು ಶೇವಂತೆವ್ವನಿಗೆ ಒಂಬತ್ತು. ಈ ಒಂದು ವರ್ಷದಲ್ಲಿ ಹುಡುಗಿ ಸಿದ್ದಲಿಂಗವ್ವನನ್ನು ಯಾವ ಹೆಸರಿನಿಂದಲೂ ಕರೆದಿರಲಿಲ್ಲ. ಹಸಿವಾದರೆ ಬಂದು ಹತ್ತಿರ ನಿಲ್ಲುತ್ತಿದ್ದಳು, ಅಷ್ಟೆ. ಸಿದ್ದಲಿಂಗವ್ವ ಅದನ್ನು ಯಾರ ಮುಂದೆಯೂ ಆಡಿರಲಿಲ್ಲ.

ಅಂದು ಇಬ್ಬರೂ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತು ಉತ್ತರ ಕೊಟ್ಟರು. ತಂದೆಯ ತಂದೆಗೆ ಹುಡುಗಿ ಅಜ್ಜ ಅಂದರೆ ಸಿದ್ದಲಿಂಗವ್ವ ಮುತ್ಯಾ ಅಂದಳು. ಹುಡುಗಿಗೆ ಹುರುಪು ಬಂದು, ದಾವಲಮಲಿಕ ಕೇಳುವ ಮೊದಲೇ ಹೇಳತೊಡಗಿದಳು. ಆಮೇಲೆ ಅವನು ತಾಯಿಗೆ ಏನಂತೀರಿ ಎಂದು ಕೇಳಿದ.

ಶೇವಂತೆವ್ವ ‘ಅವ್ವ’ ಅಂದು ಶೇಂಗಾದತ್ತ ಬಾಗಿದಳು.

“ನಮ್ಮ ತವರ ಮನ್ಯಾಗ ಆಯಿ ಅಂತೇವ್ರಿ,” ಅಂದಳು ಸಿದ್ದಲಿಂಗವ್ವ, ತಲೆ ಎತ್ತದೆ.

“ಆಯಿ ಅಂದ್ರ ಮುದುಕಿ ಅಲ್ಲ?” ಎಂದು ಹುಡುಗಿ ಕೇಳಿದಳು.

“ಇಲ್ಲಿ ಮುದುಕಿ. ನಮ್ಮ ಮನ್ಯಾಗ ತಾಯಿ.”

ಹುಡುಗಿ ಅವನ ವಹಿಯತ್ತ ಬಾಗಿದಳು. ಆಯಿ ಅಂತ ಬರೆದರೆ ಅವ್ವ ಅನ್ನೋದನ್ನು ಅಳಿಸಬೇಕೇ ಎಂದು ಮೆಲ್ಲಗೆ ಕೇಳಿದಳು.

ದಾವಲಮಲಿಕನಿಗೆ ಸಿದ್ದಲಿಂಗವ್ವನ ಕೈ ನಿಂತದ್ದು ಕಂಡಿತು. “ಇಲ್ಲವ್ವ. ಅದಕ್ಕೊಂದು ಮನಿ, ಇದಕ್ಕೊಂದು ಮನಿ. ಯಾವದನ್ನೂ ಅಳಸಾಂಗಿಲ್ಲ,” ಎಂದು ಗೆರೆ ಎಳೆದು ಮನೆ ಮಾಡಿದ ಹಾಳೆಯಲ್ಲಿ ಎರಡನ್ನೂ ಬೆರಳಿಟ್ಟು ತೋರಿಸಿದ.

ಸಿದ್ದರಾಯನ ಜೊತೆ ಅವನಿಗೂ ಊಟಕ್ಕಿಕ್ಕಿದರು. ಸಿದ್ದಲಿಂಗವ್ವ ರೊಟ್ಟಿ ಬಡಿಯುತ್ತಿದ್ದಾಗ ಹಿತ್ತಲಿನಿಂದ ಹುಡುಗಿಯ ದನಿ ಬಂತು: “ಆಯಿ, ಕರು ಬಿಚ್ಚಿಕೊಂಡೈತಿ.”

ತವೆಯ ಮೇಲಿನ ರೊಟ್ಟಿ ಕರಕಾಯಿತು. ಸಿದ್ದರಾಯ ಆ ಕರಕು ರೊಟ್ಟಿಯನ್ನೇ ಮುರಿದುಕೊಂಡು ತಲೆ ತಗ್ಗಿಸಿ ಉಂಡ. ಕರುವನ್ನು ಕಟ್ಟಲು ಹೋದ ಸಿದ್ದಲಿಂಗವ್ವ ಬಹಳ ಹೊತ್ತು ಒಳಗೆ ಬರಲಿಲ್ಲ.

ಓಣಿಯ ಹೆಂಗಸರಿಗೆ ಇದು ನಗೆಯಾಯಿತು. ಇಷ್ಟು ಲಗೂ ಮುದುಕಿ ಆದೆಯಾ ಎಂದು ಪಕ್ಕದ ಮನೆಯ ಸುಂದರವ್ವ ಚೇಷ್ಟೆ ಮಾಡಿದಳು. ಸಿದ್ದಲಿಂಗವ್ವ ಹೌದೆಂದು ನಕ್ಕು ಕೊಡ ಹೊತ್ತು ನಡೆದಳು.

ನಾಲ್ಕು ದಿನ ಕಳೆದ ಮೇಲೆ, ತಲೆ ಬಾಚಿಸಿಕೊಳ್ಳುತ್ತ ಕೂತಿದ್ದ ಶೇವಂತೆವ್ವ ಮೊದಲ ಬಾರಿಗೆ ಸತ್ತ ತಾಯಿಯ ಮಾತು ತೆಗೆದಳು. “ನಮ್ಮವ್ವ ಬೈತಲಿ ನಡುವ ತಗೀತಿದ್ದಿಲ್ಲ, ಎಡಕ ತಗೀತಿದ್ಲು.”

ಸಿದ್ದಲಿಂಗವ್ವ ಹೆಣೆದಿದ್ದ ಜಡೆಯನ್ನು ಬಿಚ್ಚಿದಳು. “ಎಲ್ಲಿಂದ, ತೋರಸು,” ಅಂದಳು. ಹುಡುಗಿ ಬೆರಳಿನಿಂದ ನೆತ್ತಿಯ ಮೇಲೆ ಗೆರೆ ಎಳೆದಳು; ಸಿದ್ದಲಿಂಗವ್ವ ಅದೇ ಗೆರೆಯ ಮೇಲೆ ಬಾಚಣಿಗೆ ಇಟ್ಟಳು.