ಕುದ್ರುವಿನ ನೀರುನಾಯಿ

ಪ್ಲಾಸ್ಟಿಕ್ ಡ್ರಮ್ಮುಗಳ ಮೇಲೆ ಬಿದಿರು, ಹಲಗೆ ಬಿಗಿದು ಗಣಪ ತೆಪ್ಪ ಕಟ್ಟಿದ್ದು ೨೦೦೫ರಲ್ಲಿ. ಮಣಿಪಾಲದ ಕಡೆಯಿಂದ ಬರುವವರನ್ನು ಬೆಳಕು ಹರಿಯುವ ಹೊತ್ತಿಗೆ ಕೂರಿಸಿಕೊಂಡು, ಮಟ್ಟುವಿನ ಹೊಳೆಯಲ್ಲಿ ಹಕ್ಕಿ, ನೀರುನಾಯಿ ತೋರಿಸಿ ತರುವುದು ಅವನ ಮತ್ತು ಅವನ ಅಕ್ಕ ಕಮಲಳ ಕೆಲಸ. ಗಳ ಊರಿ ತೆಪ್ಪ ನಡೆಸುವವಳು ಕಮಲ, ಮಾತು ಗಣಪನದು.

ಆ ಚಳಿಗಾಲದಲ್ಲಿ ನೀರುನಾಯಿಗಳು ಸರಿಯಾಗಿ ಕಾಣಿಸಿಕೊಳ್ಳಲಿಲ್ಲ. ಬರೀ ಬೆಳ್ಳಕ್ಕಿ ನೋಡಲಿಕ್ಕೆ ನಿದ್ದೆ ಕೆಡಿಸಿಕೊಂಡು ಬರಬೇಕಿತ್ತೇ ಎಂದು ಬಂದವರು ಗೊಣಗುತ್ತಾ ಹೋಗುತ್ತಿದ್ದರು. ಕಮಲ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಗಣಪ ಮಾತ್ರ ಊಟಕ್ಕೆ ಕೂತಾಗಲೂ ಅದನ್ನೇ ಆಡುತ್ತಿದ್ದ.

ಒಂದು ಭಾನುವಾರ ಗ್ಲ್ಯಾಡಿಸ್ ಎಂಬ ನಿವೃತ್ತ ನರ್ಸ್ ತಮ್ಮ ನೆಂಟರೊಂದಿಗೆ ಬಂದರು. ಗಣಪ ಅಂದು ಭಾರೀ ಹುರುಪಿನಲ್ಲಿದ್ದ.

"ಕುದ್ರುವಿನ ಆಚೆ ಬದಿಗೆ ಬಿಡು ಅಕ್ಕ. ಇವತ್ತು ಖಂಡಿತ ಉಂಟು."

ಹೊಳೆಯ ನಡುವಿನ ಆ ಪುಟ್ಟ ದ್ವೀಪದ ಅಂಚಿನಲ್ಲಿ, ಉಪ್ಪುನೀರಿನಲ್ಲಿ ಬೇರು ಬಿಡುವ ಕಾಂಡ್ಲಾ ಗಿಡದ ಬುಡದಲ್ಲಿ, ನಿಜಕ್ಕೂ ಒಂದು ನೀರುನಾಯಿ ಮರಿ ಇತ್ತು. ಎಲ್ಲರೂ ಕ್ಯಾಮೆರಾ ತೆಗೆದರು. ತೆಪ್ಪ ಹತ್ತಿರ ಹೋದರೂ ಮರಿ ಓಡಲಿಲ್ಲ.

ಗ್ಲ್ಯಾಡಿಸ್ ಕಣ್ಣಿನಿಂದ ದುರ್ಬೀನು ಇಳಿಸಿದರು. "ಅದರ ಕಾಲಿನಲ್ಲಿ ಎಂತದೋ ಹಗ್ಗ ಉಂಟು, ಅಲ್ವಾ?"

"ಅದು ಬೇರು, ಮೇಡಂ," ಎಂದ ಗಣಪ.

ಕಮಲ ತಮ್ಮನ ಮುಖ ನೋಡಿದಳು. ಅವನು ನೀರಿನ ಕಡೆ ತಿರುಗಿದ. ಅವಳಿಗೆ ಅಷ್ಟೇ ಸಾಕಾಯಿತು. ಗಳವನ್ನು ಅವನ ಎದೆಗೆ ದೂಡಿ ಮೊಣಕಾಲುದ್ದದ ಕೆಸರಿಗೆ ಇಳಿದಳು.

ಬಲೆಯ ನೈಲಾನ್ ಹಗ್ಗ. ಎಳೆದೆಳೆದು ಮರಿಯ ಹಿಂಗಾಲಿನ ಚರ್ಮ ಸುಲಿದಿತ್ತು. ಗಿಡಗಳ ಹಿಂದೆಲ್ಲೋ ತಾಯಿ ಸಿಳ್ಳೆ ಹಾಕಿದ ಹಾಗೆ ಕೂಗುತ್ತಿತ್ತು. ಗಂಟು ಬಿಚ್ಚುವಾಗ ಮರಿ ಅವಳ ಹೆಬ್ಬೆರಳಿನ ಬುಡಕ್ಕೆ ಹಲ್ಲೂರಿತು. ಅವಳು ಕೈ ಹಿಂದೆಗೆಯಲಿಲ್ಲ. ಗಂಟು ಬಿಟ್ಟಿತು, ಮರಿ ಕುಂಟುತ್ತಾ ನೀರಿಗೆ ಬಿದ್ದು ಮರೆಯಾಯಿತು.

ತೆಪ್ಪ ಹತ್ತಿದ ಕಮಲ ಬಂದವರ ಕಡೆ ತಿರುಗಿದಳು. "ಕಟ್ಟಿದ್ದು ನನ್ನ ತಮ್ಮ. ನಿಮಗೆ ತೋರಿಸಲಿಕ್ಕೆ."

ಗ್ಲ್ಯಾಡಿಸ್ ತಮ್ಮ ಕರವಸ್ತ್ರದಿಂದ ಅವಳ ಕೈ ಕಟ್ಟಿದರು.

ಇಂಜೆಕ್ಷನ್ನಿಗೆಂದು ಕಾಪುವಿನ ಆಸ್ಪತ್ರೆಗೆ ಗಣಪನೇ ಸ್ಕೂಟರಿನಲ್ಲಿ ಕರೆದೊಯ್ದ. ಬೆಂಚಿನ ಮೇಲೆ ಕಾಯುತ್ತಿದ್ದಾಗ ಮೆಲ್ಲಗೆ ಹೇಳಿದ:

"ಒಂದು ಬೆಳಿಗ್ಗೆಗೆ ಮಾತ್ರ ಅಂತ ಕಟ್ಟಿದ್ದು, ಅಕ್ಕ. ಜನ ಬಾರದಿದ್ದರೆ ನಾವು ಎಂತ ಮಾಡುವುದು?"

"ನಾನು ಮೀನಿನ ಬುಟ್ಟಿ ಹೊರುತ್ತೇನೆ. ನೀನು ಇನ್ನು ತೆಪ್ಪ ಹತ್ತಬೇಡ."

"ತೆಪ್ಪ ಕಟ್ಟಿದವ ನಾನು."

"ಹಾಗಾದರೆ ನಡೆಸು. ಬಂದವರಿಗೆಲ್ಲ ನಾನು ದಡದಲ್ಲಿ ನಿಂತು ಹೇಳುತ್ತೇನೆ."

ಸಿಟ್ಟಿನ ಮಾತು, ಇಳಿಯುತ್ತದೆ ಎಂದುಕೊಂಡ ಗಣಪ. ಮುಂದಿನ ಭಾನುವಾರ ಕಾರಿನಿಂದ ಜನ ಇಳಿಯುವಾಗ ಕಮಲ ಬ್ಯಾಂಡೇಜಿನ ಕೈಯಲ್ಲಿ ಅಲ್ಲಿ ನಿಂತಿದ್ದಳು. ದನಿ ಏರಿಸದೆ ಎಲ್ಲವನ್ನೂ ಹೇಳಿದಳು. ಕಾರು ಹಿಂದಿರುಗಿತು.

"ಮನೆಯ ಮಾನ ತೆಗೆದೆ," ಎಂದ ಗಣಪ.

"ಹೌದು. ಮುಂದಿನ ವಾರವೂ ತೆಗೆಯುತ್ತೇನೆ."

ತೆಗೆದಳು. ಆಮೇಲೆ ಗಣಪ ಮಲ್ಪೆಯ ಬೋಟೊಂದಕ್ಕೆ ಕೆಲಸಕ್ಕೆ ಹೋದ. ತೆಪ್ಪ ದಡದಲ್ಲೇ ಉಳಿಯಿತು. ಕೈ ವಾಸಿಯಾದ ಮೇಲೆ ಕಮಲ ಅದನ್ನು ನೀರಿಗೆ ದೂಡಿದಳು. ಹತ್ತಲು ಬಂದವರಿಗೆ ಮೊದಲೇ ಹೇಳುತ್ತಿದ್ದಳು: "ಕಂಡರೆ ಕಂಡಿತು. ಕಾಣದಿದ್ದರೆ ನನ್ನನ್ನು ಕೇಳಬೇಡಿ." ಕೆಲವರು ಅಲ್ಲಿಂದಲೇ ವಾಪಸಾಗುತ್ತಿದ್ದರು. ತಮ್ಮನ ಜೊತೆ ಅವಳು ಎರಡು ಮಳೆಗಾಲ ಮಾತಾಡಲಿಲ್ಲ.