ಬೋಲ್ಟಿಲ್ಲದ ದೋಣಿ

ಭಾವನಾಳ ಒಂದು ಕಾಲು ದೋಣಿಯೊಳಗಿತ್ತು, ಇನ್ನೊಂದು ಕೆಸರಿನಲ್ಲಿತ್ತು. ಕೆಸರಿನ ಕಾಲನ್ನು ಎತ್ತಬೇಕಿತ್ತು. ಎತ್ತಲಿಲ್ಲ.

"ಅದೊಂದ್ ಕಾಲೂ ಇಕ್ಕವ್ವ," ಎಂದ ದೋಣಿ ಕೊಂಡ ನಂಜಯ್ಯ, ಹುಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು. "ಮಾಡ್ದೋರೇ ಮೊದ್ಲು ಕೂರ್ಬೇಕು. ನಮ್ಮಪ್ಪನ ಕಾಲ್ದಿಂದ್ಲೂ ಇಂಗೇಯ. ಮುಳುಗುದ್ರೆ ಮಾಡ್ದೋರೇ ಮುಳುಗ್ಲಿ ಅಂತ."

ದಡದ ಹೆಂಗಸರು ನಕ್ಕರು. ಕಬಿನಿಯ ಹಿನ್ನೀರು ದಾಟಿ ಸಂತೆಗೆ ಹೋಗಿಬರುವವರು. ನಾಳೆಯಿಂದ ಅವರು ಕೂರುವುದು ಇದೇ ದೋಣಿಯಲ್ಲಿ.

ಕಟ್ಟಿದ್ದು ಹುಣಸೂರಿನ ಪ್ರಭುಸ್ವಾಮಿಯವರ ಫೈಬರ್ ಶೆಡ್ಡಿನಲ್ಲಿ. ಲೆಕ್ಕ ಹಾಕಿದ್ದು ಅಲ್ಲಿನ ಇಂಜಿನಿಯರ್ ಭಾವನಾ. ಕೂರುವ ಅಡ್ಡಹಲಗೆಗಳನ್ನು ಬೋಲ್ಟಿಲ್ಲದೆ ಬರೀ ಅಂಟಿನಿಂದ ದೋಣಿಯ ಮೈಗೆ ಕೂರಿಸಬಹುದು, ತೂತು ಕೊರೆಯದಿದ್ದರೆ ನೀರೂ ಜಿನುಗುವುದಿಲ್ಲ ಎಂದವಳು ಅವಳೇ. ಪ್ರಭುಸ್ವಾಮಿ ಅದನ್ನು ಪಿರಿಯಾಪಟ್ಟಣದಿಂದ ಕೆ.ಆರ್. ನಗರದವರೆಗೆ ಹೇಳಿಕೊಂಡು ತಿರುಗಿದ್ದರು.

ಆದರೆ ಆ ಲೆಕ್ಕ ಹಾಕುವಾಗ, ಕಂಪ್ಯೂಟರಿನಲ್ಲಿ ಹಲಗೆಯ ಮೇಲೆ ಭಾರ ಏರಿಸುತ್ತ ಹೋದರೆ, ಅಂಟಿನ ಅಂಚು ಬಿರಿಯುವ ಹೊತ್ತಿಗೆ ಸರಿಯಾಗಿ ಲೆಕ್ಕ ನಿಂತುಬಿಡುತ್ತಿತ್ತು. ಉತ್ತರ ಒಂದೆಡೆ ನೆಲೆಗೊಳ್ಳದೆ ಅತ್ತಿತ್ತ ಹಾರುತ್ತಿತ್ತು. ಭಾರವನ್ನು ಇನ್ನೂ ಸಣ್ಣ ಸಣ್ಣ ಹೆಜ್ಜೆಯಲ್ಲಿ ಏರಿಸಿದಳು, ಅಲ್ಲೇ ನಿಂತಿತು. ಕೊನೆಗೆ ಡ್ಯಾಂಪಿಂಗ್ ಸೇರಿಸಿದಳು, ನಿಜದ ದೋಣಿಯಲ್ಲಿಲ್ಲದ, ಲೆಕ್ಕದಲ್ಲಷ್ಟೇ ಇರುವ ಒಂದು ತಡೆ. ಹಲಗೆ ಅಂಟಿದ ಕೀಲನ್ನು ಜೋನಿಬೆಲ್ಲದಲ್ಲಿ ಅದ್ದಿದ ಹಾಗೆ ಅದು: ಬಿರಿಯಬೇಕಾದ್ದು ಬೇಗ ಬಿರಿಯಲಾರದು, ಲೆಕ್ಕ ಮುಂದೆ ಸಾಗುತ್ತದೆ. ಚಿಟಿಕೆಯಷ್ಟು ಹಾಕಿದರೆ ತಪ್ಪಲ್ಲ. ಚಿಟಿಕೆ ಸಾಲಲಿಲ್ಲ. ಲೆಕ್ಕ ಮುಗಿಯುವವರೆಗೆ ಸುರಿದಳು. ಆಮೇಲೆ, ಭಾರ ಹೊತ್ತದ್ದು ಯಾವುದು ಎಂದು ತೋರಿಸುವ ಗೆರೆಗಳನ್ನು ನೋಡಿದಳು. ಹೆಚ್ಚು ಹೊತ್ತದ್ದು ಅಂಟಲ್ಲ, ಅವಳು ಸುರಿದದ್ದು. ಆ ಚಿತ್ರವನ್ನು ಮುಚ್ಚಿ ಟೀ ಕುಡಿಯಲು ಎದ್ದು ಹೋದಳು.

ಹಲಗೆಯ ಮೇಲೆ ಮೂಟೆ ಹೇರಿ ನೋಡೋಣವಾ ಎಂದು ಪ್ರಭುಸ್ವಾಮಿ ಕೇಳಿದಾಗ, ಬೇಕಿಲ್ಲ ಸಾರ್ ಎಂದಿದ್ದಳು.

ಈಗ ಕೊರಳಲ್ಲಿ ಚೆಂಡುಹೂವಿನ ಹಾರ. ಅದರ ನೀರು ಬೆನ್ನಿಗೆ ಇಳಿಯುತ್ತಿತ್ತು. ಹೆದರಿಕೆಯೇನೂ ಆಗಿರಲಿಲ್ಲ, ಅವಳಿಗೆ ಈಜು ಬರುತ್ತಿತ್ತು. ಹಾಗೆ ಯೋಚಿಸಿದ್ದಕ್ಕೇ ಮುಖ ಸುಟ್ಟಂತಾಯಿತು. ದಡದವರಿಗೆ ಬರುತ್ತದೆಯೇ ಎಂದು ಅವಳು ಯಾವತ್ತೂ ಕೇಳಿರಲಿಲ್ಲ.

ದೋಣಿಯಿಂದ ಕಾಲು ತೆಗೆದು, ಪ್ರಭುಸ್ವಾಮಿಯವರನ್ನು ಪಕ್ಕಕ್ಕೆ ಕರೆದಳು.

"ಸಾರ್, ಹಲಗೆ ತಡೆಯುತ್ತೆ ಅಂದಿದ್ದು ಸುಳ್ಳು. ಲೆಕ್ಕ ಮುಗೀತಾನೇ ಇರ್ಲಿಲ್ಲ. ಮುಗಿಯೋ ಹಾಗೆ ಮಾಡ್ದೆ."

ಅವರು ದೋಣಿಯನ್ನೇ ನೋಡಿದರು. "ಗೊತ್ತಿದ್ದೂ?"

"ಗೊತ್ತಿದ್ದೂ."

ಬೈಯಲಿ ಎಂದು ಕಾದಳು. ಅವರು ಟವೆಲಿನಲ್ಲಿ ಮುಖ ಒರೆಸಿಕೊಂಡು, ದಡಕ್ಕೆ ಬೆನ್ನು ಹಾಕಿ ನಿಂತರು.

"ಇರ್ಲಿ ಬುಡಮ್ಮ. ರಾಹುಕಾಲ ಸುರುವಾಯ್ತು, ಇವತ್ತು ಬ್ಯಾಡ ಅಂದ್ಬುಡಣ. ಯಾರೂ ಕೇಳಕಿಲ್ಲ. ಶೆಡ್ಡಿಗೆ ತಕಂಡೋಗಿ ಬೋಲ್ಟ್ ಆಕ್ಸಣ. ನಿನ್ನ ಎಸ್ರೂ ಉಳೀತದೆ, ನಂದೂ ಉಳೀತದೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇದು ಎಷ್ಟು ಸಲೀಸಾಗಿತ್ತು. ಇನ್ನೊಂದಿಷ್ಟು ಜೋನಿಬೆಲ್ಲ ಸುರಿದರೆ ಇದೂ ಮುಂದೆ ಸಾಗುತ್ತದೆ.

"ಏನ್ ಸಾಮ್ಯೋರೆ," ನಂಜಯ್ಯ ಅಲ್ಲಿಂದಲೇ ಕೂಗಿದ, "ಇಂಜಿನಿಯರಮ್ಮ ನೀರ್ ಕಂಡು ಎದ್ರಕಂಡ್ರಾ?"

ಹೆಂಗಸರು ಮತ್ತೆ ನಕ್ಕರು. ಪ್ರಭುಸ್ವಾಮಿ ಎಲ್ಲರಿಗೂ ಕಾಣುವಂತೆ ವಾಚು ನೋಡಿಕೊಂಡರು. "ನಾನೇ ಅವ್ರಿಗೆ ಏಳ್ತೀನಿ. ನೀನು ಸುಮ್ಕಿದ್ರೆ ಸಾಕು."

ಭಾವನಾ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ಇಲ್ಲ ಸಾರ್," ಎಂದಳು, ದಡಕ್ಕೆ ಕೇಳುವಷ್ಟು ಜೋರಾಗಿ. "ರಾಹುಕಾಲ ಅನ್ಬೇಡಿ. ನಾನು ಸುಮ್ನಿರಲ್ಲ."